ಮುಳುಗಡೆಯ ಪಾಠ

ಈ ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯು ನಾಲ್ಕು ಮಾತು ಬರೆಯತಕ್ಕದ್ದೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡರು. ಕಟ್ಟಡ, ಪರೀಕ್ಷೆಯ ಫಲ, ಆಟಪಾಟಗಳ ಬಹುಮಾನ ಇವೆಲ್ಲವು ವಾರ್ಷಿಕ ವರದಿಯಲ್ಲಿ ಬಂದೇ ಬರುವವು. ಬೇರೆ ಏನನ್ನು ಬರೆಯಲೆಂದು ಯೋಚಿಸುತ್ತಿರುವಾಗ, ಕಳೆದ ವರ್ಷ ಒಬ್ಬ ಪಾಲಕರು ನನಗೆ ಹಾಕಿದ ಪ್ರಶ್ನೆಯೊಂದು ನೆನಪಿಗೆ ಬಂದಿತು. ಆ ದಿನ ನಾನು ಅವರಿಗೆ ಸರಿಯಾದ ಉತ್ತರ ಕೊಡಲಾರದೆ ಹೋದೆನು. ಈ ಲೇಖನವೇ ಆ ಉತ್ತರವೆಂದು ಅವರೂ ಉಳಿದ ಪಾಲಕರೂ ತಿಳಿಯಬೇಕೆಂದು ಅರಿಕೆ.

ಅವರು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ತಂದೆ. ಮಗ್ಗದ ಕೆಲಸ ಬಿಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ಬಂದಿದ್ದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ. "ಅಕ್ಕೋರ, ಪುಸ್ತಕದಾಗ ಇಲ್ಲದ ಪಾಠಾ ಯಾಕ ಹೇಳ್ತೀರಿ? ನಮ್ಮ ಹುಡುಗಿ ದಿನಾ ರಾತ್ರಿ ನಮ್ಮವ್ವನ ಮುಂದ ಕುಂತು ಮುಳುಗಡಿ ಸುದ್ದಿ ಕೇಳ್ತಾಳ. ಮುದುಕಿ ಹೇಳ್ತಾಳ, ಅಳ್ತಾಳ. ನಮಗ ಯಾರಿಗೂ ನಿದ್ದಿ ಇಲ್ಲ. ಇದರಿಂದ ಮಾರ್ಕ್ಸ್ ಬರ್ತಾವೇನ್ರಿ?" ಎಂದರು. ಮಾರ್ಕ್ಸ್ ಬರುವದಿಲ್ಲವೆಂದು ನಾನು ಒಪ್ಪಿಕೊಂಡೆನು. ಅವರು ನಮಸ್ಕಾರ ಹೇಳಿ ಹೊರಟುಹೋದರು. ಅವರ ಪ್ರಶ್ನೆ ನ್ಯಾಯವಾದದ್ದು. ಮಗಳನ್ನು ಶಾಲೆಗೆ ಕಳಿಸಿದ ತಂದೆಯು, ಅಲ್ಲಿಂದ ಮನೆಗೆ ಬರುವದು ವಿದ್ಯೆಯೋ ಕಣ್ಣೀರೋ ಎಂದು ಕೇಳುವದು ತಪ್ಪಲ್ಲ.

ಮದುವೆಯಾಗಿ ದೂರದ ಊರುಗಳಲ್ಲಿ ಸಂಸಾರ ಹೂಡಿರುವ ಪೂರ್ವ ವಿದ್ಯಾರ್ಥಿನಿಯರಿಗಾಗಿ ಮುಳುಗಡೆಯ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವೆನು. ಕೃಷ್ಣಾ ಮೇಲ್ದಂಡೆ ಯೋಜನೆಯ ಅಡಿಗಲ್ಲನ್ನು ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ೧೯೬೪ನೆಯ ಇಸವಿಯ ಮೇ ೨೨ರಂದು ಇರಿಸಿದರು. ಅಣೆಕಟ್ಟು ಎದ್ದು ನೀರು ನಿಲ್ಲುವದಕ್ಕೆ ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಜಲಾಶಯದ ಪೂರ್ಣಮಟ್ಟವನ್ನು ೫೧೯.೬೦ ಮೀಟರಿಗೆ ಗೊತ್ತುಮಾಡಲಾಯಿತು. ಆ ಮಟ್ಟಕ್ಕೆ ಸುಮಾರು ೧೨೩ ಟಿ.ಎಂ.ಸಿ. ನೀರು ನಿಲ್ಲುವದು. ಹಿನ್ನೀರು ಕೃಷ್ಣೆಯಲ್ಲಿ ಮಾತ್ರವಲ್ಲದೆ ಘಟಪ್ರಭೆಯಲ್ಲಿಯೂ ಹಿಂದಕ್ಕೆ ಏರಿ ಬಾಗಲಕೋಟೆಯ ಓಣಿಗಳವರೆಗೆ ಬಂದಿತು. ನೂರಕ್ಕೂ ಹೆಚ್ಚು ಹಳ್ಳಿಗಳ ಜನರು ಮನೆ ಹೊಲಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದರು. ಬಾಗಲಕೋಟೆಯವರಿಗಾಗಿ ಸೆಕ್ಟರುಗಳ ಅಂಕಿಯಿಂದ ಗುರುತಿಸುವ ನವನಗರವು ಹುಟ್ಟಿತು. ಪುನರ್ವಸತಿಯ ಕೆಲಸದಲ್ಲಿ ಕೊರತೆಗಳಿದ್ದವೆಂಬ ಕಾರಣಕ್ಕಾಗಿ ಸಾಲ ಕೊಟ್ಟಿದ್ದ ವಿಶ್ವ ಬ್ಯಾಂಕು ೧೯೯೦ರ ದಶಕದಲ್ಲಿ ತನ್ನ ಹಣವನ್ನು ತಡೆಹಿಡಿದದ್ದೂ ಉಂಟು.

ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲಿನಲ್ಲಿ, ಈ ಯೋಜನೆಯ ಮೊದಲೆರಡು ಹಂತಗಳು ೬.೨೨ ಲಕ್ಷ ಹೆಕ್ಟೇರು ಭೂಮಿಗೆ ನೀರುಣಿಸುವದಕ್ಕಾಗಿ ಆದವು. ಆಲಮಟ್ಟಿಯ ವಿದ್ಯುದಾಗಾರದ ಶಕ್ತಿಯು ೨೯೦ ಮೆಗಾವ್ಯಾಟ್. ಆದರೆ ಆ ನೀರಿನ ಬಹುಭಾಗವು ನದಿಯ ಕೆಳಗಡೆಯ ಯಾದಗಿರಿ, ಕಲಬುರಗಿ, ವಿಜಯಪುರ, ರಾಯಚೂರ ಸೀಮೆಗಳ ಹೊಲಗಳಿಗೆ ಹರಿಯುವದು. ಮುಳುಗಿದವರು ಹೆಚ್ಚಾಗಿ ಒಂದು ಕಡೆಯವರು, ನೀರುಂಡವರು ಹೆಚ್ಚಾಗಿ ಇನ್ನೊಂದು ಕಡೆಯವರು.

ನಮ್ಮ ಗುಳೇದಗುಡ್ಡವು ಗುಡ್ಡದ ಮಗ್ಗುಲಲ್ಲಿದ್ದುದರಿಂದ ಮುಳುಗಲಿಲ್ಲ. ಆದರೆ ಮುಳುಗಡೆಯ ಮನೆತನಗಳ ಮಕ್ಕಳು ನಮ್ಮ ಶಾಲೆಯಲ್ಲಿ ಓದುತ್ತಾರೆ. ಕಾಲುವೆಯ ನೀರುಂಡ ಮನೆತನಗಳ ಮಕ್ಕಳೂ ವಸತಿಗೃಹದಲ್ಲಿದ್ದು ಓದುತ್ತಾರೆ. ಒಂದೇ ಬೆಂಚಿನ ಮೇಲೆ ಕುಳಿತ ಈ ಮಕ್ಕಳು ಆಲಮಟ್ಟಿಯ ಹೆಸರನ್ನು ನೀರಾವರಿ ಯೋಜನೆಗಳ ಪಟ್ಟಿಯಲ್ಲಿ ಕಂಠಪಾಠ ಮಾಡಿ ಒಪ್ಪಿಸುತ್ತಿದ್ದರು. ಆ ಹೆಸರು ತಮ್ಮ ಮನೆಯ ಕಥೆಯೆಂದು ಒಬ್ಬಳೂ ಬಾಯಿಬಿಡುತ್ತಿರಲಿಲ್ಲ. ಇದನ್ನು ಕಂಡೇ ನಾನು ಈ ಪಾಠವನ್ನು ಕೈಕೊಂಡೆನು.

ಹತ್ತಿರದ ನೋವಿನಿಂದ ಆರಂಭಿಸಿದರೆ ಮಕ್ಕಳು ಅಳುವರು, ಇಲ್ಲವೆ ಜಗಳಾಡುವರು, ಕಾಗದವನ್ನು ಓದಲಾರರು. ಆದಕಾರಣ ಮೊದಲು ದೂರದ ದೇಶದ ಒಂದು ಸಂಗತಿಯನ್ನು ಆರಿಸಿಕೊಂಡೆನು. ನಾನು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದಾಗ ಅಮೇರಿಕದ ಚೆರೋಕಿ ಜನರ ಚರಿತ್ರೆಯನ್ನು ಓದಿದ್ದೆನು. ಅವರು ಆ ದೇಶದ ಆಗ್ನೇಯ ಭಾಗದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಮೂಲನಿವಾಸಿಗಳು. ಸಿಕ್ವೊಯಾ ಎಂಬವನು ೧೮೨೧ರ ಸುಮಾರಿಗೆ ಅವರ ನುಡಿಗೆ ಲಿಪಿಯನ್ನು ರಚಿಸಿದನು. ೧೮೨೮ರಲ್ಲಿ ಆ ಲಿಪಿಯಲ್ಲಿ ಅವರು ಒಂದು ವೃತ್ತಪತ್ರವನ್ನೂ ಹೊರಡಿಸಿದರು. ೧೮೩೦ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಸಾಗಿಸುವ ಕಾನೂನು ಆಯಿತು. ೧೮೩೫ರ ಡಿಸೆಂಬರ್ ೨೯ರಂದು ನ್ಯೂ ಎಕೋಟಾ ಎಂಬಲ್ಲಿ ಚೆರೋಕಿಗಳ ಒಂದು ಸಣ್ಣ ಗುಂಪು ನಾಡನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಅವರ ಮುಖ್ಯ ನಾಯಕನಾದ ಜಾನ್ ರಾಸನು ಸಹಿ ಹಾಕಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳುಳ್ಳ ಬಿನ್ನಹವನ್ನು ಒಪ್ಪಂದಕ್ಕೆ ವಿರೋಧವಾಗಿ ಸಲ್ಲಿಸಲಾಯಿತು. ಆದರೂ ಒಪ್ಪಂದವು ಕಾನೂನಾಯಿತು. ೧೮೩೮ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಹೊರಡಿಸಿದರು. ಸುಮಾರು ೧೬,೦೦೦ ಜನರಲ್ಲಿ ಸುಮಾರು ೪,೦೦೦ ಜನರು ಶಿಬಿರಗಳಲ್ಲಿಯೂ ದಾರಿಯಲ್ಲಿಯೂ ಸತ್ತರೆಂದು ಎಣಿಕೆ. ಆ ಪಯಣಕ್ಕೆ ಕಣ್ಣೀರಿನ ದಾರಿಯೆಂಬ ಹೆಸರು ನಿಂತಿತು.

ನಾನು ಮಕ್ಕಳ ಮುಂದೆ ಮೂರು ಕಾಗದಗಳ ಸಾರಾಂಶವನ್ನು ಕನ್ನಡದಲ್ಲಿ ಬರೆದು ಇಟ್ಟೆನು. ಒಂದು, ಅಧ್ಯಕ್ಷ ಆಂಡ್ರೂ ಜಾಕ್ಸನನು ೧೮೩೦ರ ಡಿಸೆಂಬರದಲ್ಲಿ ತನ್ನ ಶಾಸನಸಭೆಗೆ ಕಳಿಸಿದ ಸಂದೇಶ. ಈ ಸ್ಥಳಾಂತರವು ಮೂಲನಿವಾಸಿಗಳ ಹಿತಕ್ಕಾಗಿಯೇ ಎಂದು ಅದರಲ್ಲಿ ವಾದಿಸಿದೆ. ಎರಡನೆಯದು, ಒಪ್ಪಂದವು ತಮ್ಮದಲ್ಲವೆಂದು ಚೆರೋಕಿಗಳು ಸಲ್ಲಿಸಿದ ಬಿನ್ನಹ. ಮೂರನೆಯದು, ಅದಕ್ಕೂ ಹಿಂದೆ ೧೮೧೭ರಲ್ಲಿ ಚೆರೋಕಿ ಹೆಂಗಸರು, ಇನ್ನು ನೆಲವನ್ನು ಕೊಡಬೇಡಿರೆಂದು ತಮ್ಮ ನಾಯಕರನ್ನೇ ಬೇಡಿಕೊಂಡ ಮನವಿ. ಬಳಿಕ ಕರಿಹಲಗೆಯ ಮೇಲೆ ಐದು ಪ್ರಶ್ನೆಗಳನ್ನು ಬರೆದೆನು: ಯಾರು ಬರೆದರು? ಯಾರಿಗೆ ಬರೆದರು? ಯಾವಾಗ ಬರೆದರು? ಏನನ್ನು ಬಯಸಿ ಬರೆದರು? ಇದರಲ್ಲಿ ಯಾರ ಮಾತು ಇಲ್ಲ?

ಮೊದಲ ನಾಲ್ಕಕ್ಕೆ ಉತ್ತರಗಳು ಬೇಗನೆ ಬಂದವು. ಐದನೆಯದಕ್ಕೆ ತರಗತಿಯು ಬಹಳ ಹೊತ್ತು ಸುಮ್ಮನಿದ್ದಿತು. ಚೆರೋಕಿಗಳಲ್ಲಿ ಮನೆಯು ತಾಯಿಯ ಬಳಿಯಿಂದ ಬರುತ್ತಿತ್ತು, ಹೊಲದ ಕೆಲಸವು ಹೆಂಗಸರದಾಗಿತ್ತು ಎಂದು ನಾನು ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿಯು ಎದ್ದು, "ಹಂಗಾದರ ಒಪ್ಪಂದಕ್ಕ ಹೆಂಗಸರ ಸಹಿ ಯಾಕ ಇಲ್ರಿ?" ಎಂದು ಕೇಳಿದಳು. ಅವಳೇ ನಾನು ಮೊದಲು ಹೇಳಿದ ಪಾಲಕರ ಮಗಳು. ಆ ಪ್ರಶ್ನೆ ನನ್ನನ್ನು ಎಲ್ಲಿಗೆ ಕರೆದೊಯ್ಯುವದೆಂಬದು ಆಗ ಅವಳಿಗೆ ತಿಳಿದಿರಲಿಲ್ಲ.

ಅವರ ದುಃಖವೂ ನಮ್ಮ ಮುಳುಗಡೆಯೂ ಒಂದೇ ಎಂದು ನಾನು ಕಲಿಸಲಿಲ್ಲ. ಅಲ್ಲಿ ಒಂದು ಜನಾಂಗವನ್ನು ಅದರ ಹುಟ್ಟಿನ ಕಾರಣದಿಂದಲೇ ನಾಡಿನಿಂದ ಹೊರದೂಡಿದರು. ಇಲ್ಲಿ ನೀರಿಗಾಗಿ ನೆಲವನ್ನು ತೆಗೆದುಕೊಂಡರು, ಪರಿಹಾರ ಕೊಟ್ಟರು, ಕೋರ್ಟಿನ ಬಾಗಿಲು ತೆರೆದಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಇಬ್ಬರಿಗೂ ಅನ್ಯಾಯ. ಆದರೆ ಕಾಗದವನ್ನು ಪರೀಕ್ಷಿಸುವ ಐದು ಪ್ರಶ್ನೆಗಳು ಎಲ್ಲಿಯೂ ಸಲ್ಲುವವು.

ಮುಂದಿನ ವಾರ, ಮುಳುಗಡೆಯ ವಿಷಯವಾಗಿ ಮನೆಯಲ್ಲಿರುವ ಒಂದು ಕಾಗದವನ್ನಾಗಲಿ ಹಿರಿಯರ ಬಾಯಿಂದ ಕೇಳಿ ಬರೆದುಕೊಂಡ ಒಂದು ಮಾತನ್ನಾಗಲಿ ತರಬೇಕೆಂದು ಹೇಳಿದೆನು. ಭೂಸ್ವಾಧೀನದ ನೋಟೀಸುಗಳು ಬಂದವು. ಪುನರ್ವಸತಿ ಕೇಂದ್ರದ ನಿವೇಶನದ ಹಕ್ಕುಪತ್ರಗಳು ಬಂದವು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ ಬರೆದ ಮನೆಯ ಮುಂದೆ ಇಡಿಯ ಮನೆತನವು ನಿಂತ ಒಂದು ಚಿತ್ರವು ಬಂದಿತು. ಒಬ್ಬ ಹುಡುಗಿಯು ಯೋಜನೆಯ ಲಾಭಗಳ ಪಟ್ಟಿಯನ್ನು ಬರೆದು ತಂದಳು. ಅದರಲ್ಲಿ "ಪ್ರಧಾನಮಂತ್ರಿ ಶಾಸ್ತ್ರಿಗಳು ೧೯೬೪ರ ಮೇ ೨೨ರಂದು ಅಡಿಗಲ್ಲಿರಿಸಿದರು" ಎಂದಿತ್ತು. ನೆಹರೂರವರು ತೀರಿಕೊಂಡದ್ದು ಮೇ ೨೭ರಂದು, ಶಾಸ್ತ್ರಿಗಳು ಪ್ರಧಾನಿಯಾದದ್ದು ಜೂನ್ ೯ರಂದು. ಅಡಿಗಲ್ಲಿನ ದಿನ ಅವರು ಕೇಂದ್ರದ ಒಬ್ಬ ಸಚಿವರು ಮಾತ್ರ. ಇದನ್ನು ಮಕ್ಕಳೇ ಪುಸ್ತಕ ತೆಗೆದು ಕಂಡುಹಿಡಿದಾಗ ಅವರಿಗಾದ ಸಂತೋಷವನ್ನು ಹೇಳಲಾರೆನು. ಬರೆದದ್ದೆಲ್ಲ ನಿಜವಲ್ಲವೆಂಬದನ್ನು ನಾನು ಹತ್ತು ಸಲ ಹೇಳಿದರೂ ಅಷ್ಟು ನಾಟುತ್ತಿರಲಿಲ್ಲ.

ಆ ದಿನವೇ ಜಗಳವೂ ಆಯಿತು. ಮುಳುಗಡೆಯ ಮನೆಯ ಹುಡುಗಿಯು ತನ್ನ ಅಜ್ಜಿಯ ಮಾತನ್ನು ಓದುತ್ತ ಅತ್ತಳು. ಯಾದಗಿರಿ ಕಡೆಯಿಂದ ಬಂದು ವಸತಿಗೃಹದಲ್ಲಿರುವ ಇನ್ನೊಬ್ಬಳು, ಕಾಲುವೆ ಬರುವದಕ್ಕೆ ಮೊದಲು ತನ್ನ ಮನೆಯವರೆಲ್ಲರು ವರ್ಷ ವರ್ಷವೂ ಬೇಸಿಗೆಯಲ್ಲಿ ಬಾಗಿಲಿಗೆ ಮುಳ್ಳು ಬಡಿದು ಮುಂಬಯಿಗೆ ಗುಳೆ ಹೋಗುತ್ತಿದ್ದರೆಂದೂ, ನೀರು ಬಂದ ಮೇಲೆಯೇ ತನ್ನಂಥವಳು ಶಾಲೆಯ ಮುಖ ಕಂಡಳೆಂದೂ ಬರೆದು ತಂದಿದ್ದಳು. "ಹಂಗಾದರ ನಮ್ಮ ಹೊಲ ಒಣಗೇ ಇರಬೇಕಿತ್ತೇನು?" ಎಂದು ಅವಳು, "ನಿಮ್ಮ ಹೊಲ ಹಸರಾಗಲಿ ಅಂತ ನಮ್ಮ ಮನಿ ಯಾಕ ಮುಳುಗಬೇಕಿತ್ತು?" ಎಂದು ಇವಳು. ನಾನು ತೀರ್ಪು ಕೊಡಲಿಲ್ಲ. ಇಬ್ಬರ ಕಾಗದಗಳನ್ನೂ ಅದಲುಬದಲು ಮಾಡಿ, ಅವಳದನ್ನು ಇವಳು, ಇವಳದನ್ನು ಅವಳು ಎದ್ದುನಿಂತು ಗಟ್ಟಿಯಾಗಿ ಓದಬೇಕೆಂದು ಹೇಳಿದೆನು. ಅಣೆಕಟ್ಟು ಒಂದು ಮನೆಯ ಗುಳೆಯನ್ನು ನಿಲ್ಲಿಸಿತು, ಇನ್ನೊಂದು ಮನೆಯನ್ನು ಗುಳೆ ಎಬ್ಬಿಸಿತು. ಗುಳೆ ಬಂದವರಿಂದಲೇ ನಮ್ಮ ಊರಿಗೆ ಹೆಸರಾಯಿತೆಂದು ಹೇಳುವ ಹಿರಿಯರುಂಟು. ಅದು ಬಾಯಿಮಾತು, ಸಾಕ್ಷಿಯಲ್ಲ. ಆದರೂ ಆ ದಿನ ಆ ಮಾತನ್ನು ಮಕ್ಕಳಿಗೆ ಹೇಳಿದೆನು. ಇಬ್ಬರೂ ಅದನ್ನು ಕೇಳಿ ಸುಮ್ಮನಾದರು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಘಟಪ್ರಭೆಯ ದಂಡೆಯ ಒಂದು ಹಳ್ಳಿಯು ನನ್ನ ತಾಯಿಯ ತವರು. ನಾನು ಹೈಸ್ಕೂಲಿನಲ್ಲಿದ್ದಾಗ ಅದು ಮುಳುಗಿತು. ಬಾಗಿಲ ಚೌಕಟ್ಟುಗಳನ್ನೂ ತೊಲೆಜಂತಿಗಳನ್ನೂ ಕಿತ್ತು ಗಾಡಿಗೆ ಹೇರುವದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಆಯಿಯು ಸಾಯುವ ತನಕ, "ಹೇಳದ ಕೇಳದ ನಮ್ಮನ್ನ ಎಬ್ಬಿಸಿದ್ರು" ಎಂಬ ಒಂದೇ ಮಾತನ್ನು ಹೇಳುತ್ತಿದ್ದಳು. ನಾನು ಶಿಕ್ಷಕಿಯಾದ ಮೇಲೆ ಹದಿನೈದು ವರ್ಷ ತರಗತಿಯಲ್ಲಿ ಅದೇ ಮಾತನ್ನು ಚರಿತ್ರೆಯೆಂದು ಹೇಳಿದೆನು. ಯಾಕಂದರೆ ಅದು ನನ್ನ ಆಯಿಯ ಮಾತು. ಅದನ್ನು ಪರೀಕ್ಷಿಸುವದು ಪಾಪವೆಂದು ತೋರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಸೋದರಮಾವನು ಮನೆ ದುರಸ್ತಿ ಮಾಡಿಸುವಾಗ ಮುತ್ಯಾನ ಸಂದೂಕವನ್ನು ತೆರೆದರು. ಅದರಲ್ಲಿ ೧೮೯೪ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಬಂದ ನೋಟೀಸು ಇತ್ತು. ಊರು ಬಿಡುವದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಮೊದಲಿನ ತಾರೀಖು. ಕೆಳಗೆ ಮುತ್ಯಾನ ಸಹಿ. ಪರಿಹಾರದ ಪಟ್ಟಿಯ ನಕಲು ಇತ್ತು. ಪರಿಹಾರ ಸಾಲದೆಂದು ಅದೇ ಕಾಯಿದೆಯ ಹದಿನೆಂಟನೆಯ ಕಲಮಿನ ಮೇರೆಗೆ ಮುತ್ಯಾ ಸಲ್ಲಿಸಿದ ಅರ್ಜಿಯ ನಕಲೂ ಇತ್ತು. ಹೇಳಿದ್ದರು, ಕೇಳಿದ್ದರು, ಮುತ್ಯಾ ಕೋರ್ಟಿಗೂ ಅಲೆದಿದ್ದನು. ನನ್ನ ಕೈಕಾಲು ತಣ್ಣಗಾದವು. ಇಷ್ಟು ಮಕ್ಕಳಿಗೆ ನಾನು ಸುಳ್ಳನ್ನು ಕಲಿಸಿದೆನೆಂದು ದುಃಖವಾಯಿತು. ಆಯಿಯ ಮೇಲೆ ಸಿಟ್ಟೂ ಬಂದಿತು.

ಚಿಗವ್ವನ ಮುಂದೆ ಇದನ್ನು ಹೇಳಿಕೊಂಡೆನು. ಆಕೆ ಶಾವಿಗೆ ಹೊಸೆಯುತ್ತಿದ್ದವಳು ಕೈ ನಿಲ್ಲಿಸದೆಯೇ, "ಕಾಗದಾ ಬಂದಿದ್ದು ನಿಮ್ಮ ಮುತ್ಯಾಗ. ಅವ್ವಗ ಯಾರು ಓದಿ ಹೇಳಿದ್ರು? ಕಲ್ಲು ಹಾಕಿ ಮೂವತ್ತು ವರ್ಷಾತು, ಇನ್ನೆಲ್ಲಿ ನೀರು ಬರ್ತಾವ ಅಂತ ಸಂದೂಕದಾಗ ಇಟ್ಟು ಕೀಲಿ ಹಾಕಿದ್ರು" ಎಂದಳು.

ಆ ಮಾತಿನಿಂದ ಎರಡೂ ನಿಜವೆಂದು ನನಗೆ ತಿಳಿಯಿತು. ನೋಟೀಸು ಕೊಟ್ಟದ್ದು ನಿಜ; ಆಯಿಗೆ ಯಾರೂ ಹೇಳದೆ ಇದ್ದದ್ದೂ ನಿಜ. ಉತಾರದಲ್ಲಿ ಮುತ್ಯಾನ ಹೆಸರಿತ್ತು, ಆಯಿಯ ಹೆಸರಿರಲಿಲ್ಲ. ನೋಟೀಸು ತಂದವನು ಕಾಯಿದೆಯಂತೆ ಹೆಸರಿದ್ದವನಿಗೆ ಕೊಟ್ಟು ಹೋದನು, ಅವನನ್ನು ದೂರಲಾರೆನು. ಮುತ್ಯಾನನ್ನೂ ದೂರಲಾರೆನು. ಮುಳುಗಡೆ, ಮುಳುಗಡೆ ಎಂದು ಕೇಳುತ್ತಲೇ ಒಂದು ತಲೆಮಾರು ಕಳೆದಿತ್ತು. ಮನೆ ದುರಸ್ತಿ ಮಾಡಿಸಲೂ ಧೈರ್ಯವಿಲ್ಲ, ಹೊಲ ಕೊಳ್ಳುವವರೂ ಇಲ್ಲ; ಬಂದೀತೆಂದು ಹೆದರಿ ಹೆದರಿ ಕಡೆಗೆ ಬಾರದೆಂದು ನಂಬಿಬಿಟ್ಟಿದ್ದರು. ಆದರೆ ಆ ಮನೆಯಲ್ಲಿ ಹತ್ತೊಂಬತ್ತನೆಯ ವಯಸ್ಸಿನಿಂದ ಒಲೆ ಹೊತ್ತಿಸಿದ ಹೆಣ್ಣುಮಗಳಿಗೆ ಸುದ್ದಿ ತಿಳಿದದ್ದು ಗಾಡಿ ಬಾಗಿಲಿಗೆ ಬಂದ ದಿನ. ಪರಿಹಾರದ ಪಟ್ಟಿಯಲ್ಲಿ ಬಾವಿಗೆ ಬೆಲೆಯುಂಟು, ಬೇವಿನ ಗಿಡಕ್ಕೆ ಬೆಲೆಯುಂಟು. ಆ ಗಿಡದ ಬುಡದಲ್ಲಿ ಮಣ್ಣು ಮಾಡಿದ ಆಯಿಯ ಚೊಚ್ಚಲ ಕೂಸಿಗೆ ಯಾವ ಕಲಮೂ ಇಲ್ಲ. ಅದನ್ನು ಬರೆಯುವದು ಪಟ್ಟಿಯ ಕೆಲಸವಲ್ಲವೆಂಬದನ್ನು ಬಲ್ಲೆನು. ಹಾಗಾದರೆ ಅದು ಯಾರ ಕೆಲಸ? ನಮ್ಮ ಊರಿನಲ್ಲಿ ಹಾಸೊಂದರಿಂದಲೇ ಖಣವಾಗುವದಿಲ್ಲ, ಹೊಕ್ಕೂ ಬೇಕೆಂಬದು ಕೂಸಿಗೂ ಗೊತ್ತು. ಚರಿತ್ರೆಗೂ ಕಾಗದ ಬೇಕು, ಬಾಯಿಮಾತೂ ಬೇಕು.

ಇದನ್ನೆಲ್ಲ ನಾನು ತರಗತಿಯಲ್ಲಿ ಹೇಳಿದೆನು. ಹದಿನೈದು ವರ್ಷ ಅರ್ಧ ಪಾಠ ಹೇಳಿದೆನೆಂದೂ ಒಪ್ಪಿಕೊಂಡೆನು. ಆ ರಾತ್ರಿಯಿಂದಲೇ, ಚೆರೋಕಿ ಹೆಂಗಸರ ಸಹಿ ಯಾಕಿಲ್ಲವೆಂದು ಕೇಳಿದ ಹುಡುಗಿಯು ತನ್ನ ಅಜ್ಜಿಯ ಮುಂದೆ ಕುಳಿತು ಕೇಳತೊಡಗಿದ್ದು. ಅವಳ ತಂದೆಯವರು ನನ್ನ ಕಚೇರಿಗೆ ಬಂದದ್ದು.

ಪಾಲಕರೇ, ಇದು ಹಳೆಯ ಕಥೆಯಾಗಿ ಮುಗಿದಿಲ್ಲ. ೨೦೧೦ರಲ್ಲಿ ಕೃಷ್ಣಾ ನ್ಯಾಯಾಧಿಕರಣವು ಆಲಮಟ್ಟಿಯ ನೀರಿನ ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸಲು ಅನುಮತಿಯಿತ್ತಿತು. ಅಷ್ಟು ನೀರು ನಿಂತಾಗ ಇನ್ನೂ ಹಳ್ಳಿಗಳೂ ಬಾಗಲಕೋಟೆ ಪಟ್ಟಣದ ಇನ್ನೂ ಒಂದು ಭಾಗವೂ ಮುಳುಗುವವು. ೧೮೯೪ರ ಕಾಯಿದೆಯು ಹೋಗಿ ೨೦೧೩ರ ಹೊಸ ಕಾಯಿದೆಯು ೨೦೧೪ರ ಜನವರಿ ೧ರಿಂದ ಜಾರಿಗೆ ಬಂದಿದೆ. ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ವಿಚಾರಣೆ ಎಂಬ ಮಾತುಗಳು ಅದರಲ್ಲಿ ಸೇರಿವೆ. ವಿಧವೆಯರನ್ನೂ ಗಂಡ ಬಿಟ್ಟವರನ್ನೂ ಪ್ರತ್ಯೇಕ ಕುಟುಂಬವೆಂದು ಎಣಿಸತಕ್ಕದ್ದೆಂದೂ ಅದು ಹೇಳುವದು. ಆದರೆ ವಿಚಾರಣೆಯಲ್ಲಿ ಎದ್ದು ಮಾತನಾಡಬೇಕಾದವಳಿಗೆ ಕಾಗದವನ್ನು ಓದಲಿಕ್ಕೆ ಬರಬೇಕು. ಅದರಲ್ಲಿ ಏನಿಲ್ಲವೆಂಬದನ್ನು ಕಾಣಲಿಕ್ಕೆ ಬರಬೇಕು. ಅದನ್ನು ಕಲಿಸುವದು ಶಾಲೆಯ ಕೆಲಸವೆಂದೇ ನಾನು ತಿಳಿದಿದ್ದೇನೆ.

ವರ್ಷದ ಕೊನೆಗೆ ಅದೇ ಪಾಲಕರು ಮತ್ತೊಮ್ಮೆ ಬಂದರು. ಈ ಸಲ ಕುಳಿತುಕೊಂಡರು. ಅವರ ಉಳಿದ ಹೊಲದ ವಿಷಯವಾಗಿ ಮನೆಗೆ ಒಂದು ಕಾಗದ ಬಂದಿತ್ತಂತೆ. ಅವರು ಸಹಿ ಹಾಕಲು ಪೆನ್ನು ತೆಗೆದಾಗ ಮಗಳು, "ಅಪ್ಪಾ, ಅವ್ವಗೂ ಅಜ್ಜಿಗೂ ಓದಿ ಹೇಳತೀನಿ, ಆಮ್ಯಾಲೆ ಸಹಿ ಮಾಡು" ಎಂದಳಂತೆ. ಚಕ್ಕುಬಂದಿಯನ್ನು ಓದುವಾಗ ಅಜ್ಜಿಯು ತಡೆದು, ಮೂಡಲ ದಿಕ್ಕಿಗೆ ಬರೆದಿರುವ ಹೊಲವು ಆ ದಿಕ್ಕಿನದಲ್ಲ, ಬಡಗಣದ್ದು ಎಂದಳಂತೆ. ಹೋಗಿ ನೋಡಿದರೆ ಮುದುಕಿಯ ಮಾತೇ ಸರಿ. ತಪ್ಪನ್ನು ತಿದ್ದಿಸಿಕೊಳ್ಳಲು ಅರ್ಜಿ ಬರೆಯಬೇಕಾಗಿತ್ತು, ಅದಕ್ಕಾಗಿ ಬಂದಿದ್ದರು. ಅರ್ಜಿಯನ್ನು ಮಗಳ ಕೈಯಿಂದಲೇ ಬರೆಯಿಸಿದೆವು. "ಅಜ್ಜಿ ಇನ್ನೂ ಅಳತಾರೇನ್ರಿ?" ಎಂದು ಕೇಳಿದೆನು. "ಅಳತಾಳ್ರಿ ಅಕ್ಕೋರ. ಆದರ ಈಗ ನಾವೂ ಕುಂತು ಕೇಳತೀವಿ" ಎಂದರು.

ಪೂರ್ವ ವಿದ್ಯಾರ್ಥಿನಿಯರಲ್ಲಿ ಒಂದು ಬೇಡಿಕೆ. ನಿಮ್ಮ ತವರಿನಲ್ಲಿಯೂ ಅತ್ತೆಯ ಮನೆಯಲ್ಲಿಯೂ ಮುಳುಗಡೆಯ ಹಳೆಯ ನೋಟೀಸು, ಹಕ್ಕುಪತ್ರ, ಚಿತ್ರ ಏನಿದ್ದರೂ ಎಸೆಯಬೇಡಿರಿ. ಒಂದು ನಕಲು ತೆಗೆಯಿಸಿ ಶಾಲೆಗೆ ಕಳಿಸಿರಿ. ಅದಕ್ಕಾಗಿ ಒಂದು ಕಪಾಟನ್ನು ಬರಿದು ಮಾಡಿ ಇಟ್ಟಿದ್ದೇವೆ. ಹಿರಿಯ ಹೆಂಗಸರ ಮಾತನ್ನು ಅವರು ಇರುವಾಗಲೇ ಬರೆದುಕೊಳ್ಳಿರಿ. ಯಾರು ಹೇಳಿದರು, ಯಾವ ದಿನ, ಯಾವ ಊರಿನಲ್ಲಿ ಎಂಬದನ್ನು ಮರೆಯದೆ ಕೆಳಗೆ ನಮೂದಿಸಿರಿ. ಕಾಲುವೆಯ ನೀರುಂಡ ಮನೆಗಳವರೂ ತಮ್ಮ ಮಾತನ್ನು ಕಳಿಸತಕ್ಕದ್ದು; ಅದಿಲ್ಲದೆ ಕಪಾಟು ಅರ್ಧ ಬರಿದಾಗಿಯೇ ಇರುವದು.

ಪಾಲಕರಲ್ಲಿ ಬೇಡುವದು ಇನ್ನೂ ಕಡಿಮೆ. ಮನೆಗೆ ಬಂದ ಕಾಗದ ಯಾವದೇ ಇರಲಿ, ಸಂದೂಕದಲ್ಲಿ ಇಡುವ ಮೊದಲು ಮನೆಯ ಹೆಣ್ಣುಮಕ್ಕಳ ಮುಂದೆ ಒಂದು ಸಲ ಗಟ್ಟಿಯಾಗಿ ಓದಿಸಿರಿ. ಓದುವವರು ಬೇಕಾದರೆ ನಿಮ್ಮ ಮಗಳು ಇದ್ದಾಳೆ.